ಕರೆಂಟ್ ಕೊಡೋ ಡಾಕ್ಟ್ರು ಆಗಿದ್ದು ಹೀಗೆ

ನಮ್ಮಪ್ಪ ತಿಪಟೂರಲ್ಲಿ ಕೊಬ್ಬರಿ ವ್ಯಾಪಾರ ಮಾಡೋರು. 2018ರಲ್ಲಿ ನನಗೆ ಪಿಜಿ ಸೀಟ್ ಸಿಕ್ಕಿದ ದಿನ ಮಂಡಿಯೋರಿಗೆಲ್ಲಾ ಸ್ವೀಟ್ ಹಂಚಿಬಿಟ್ಟಿದ್ರು, "ಮಗಳಿಗೆ ರೇಡಿಯಾಲಜಿ ಸಿಕ್ತು, ಇನ್ನೇನು ಸ್ಕ್ಯಾನಿಂಗ್ ಸೆಂಟರ್ ಹಾಕೋದೇ" ಅಂತ. ನಾನು ಬೆಂಗಳೂರಿಂದ ಬಂದು, ಅಪ್ಪಾಜಿ ಅದು ರೇಡಿಯಾಲಜಿ ಅಲ್ಲ ರೇಡಿಯೋಥೆರಪಿ, ಕ್ಯಾನ್ಸರ್ ಗೆ ಕರೆಂಟ್ ಕೊಡ್ತಾರಲ್ಲ (ರೇಡಿಯೇಶನ್ ಗೆ ಜನ ಹೇಳೋದೇ ಹಂಗೆ) ಅದು ಅಂದಾಗ ಅವರ ಮುಖ ಕೊಬ್ಬರಿ ರೇಟ್ ಬಿದ್ದ ದಿನ ಹೆಂಗಿರುತ್ತೋ ಹಂಗಾಯ್ತು. ಸ್ವಲ್ಪ ಹೊತ್ತು ಸುಮ್ನಿದ್ದು, "ಅದ್ರಲ್ಲಿ ಜನ ಉಳೀತಾರೇನವ್ವಾ?" ಅಂದ್ರು. ನನಗೂ ಆಗ ಉತ್ತರ ಗೊತ್ತಿರಲಿಲ್ಲ, ಎಂಬಿಬಿಎಸ್ ನಲ್ಲಿ ಈ ಡಿಪಾರ್ಟ್ಮೆಂಟ್ ಕಡೆ ನಾನು ತಲೆ ಹಾಕಿದ್ದು ಹೆಚ್ಚು ಅಂದ್ರೆ ಒಂದು ವಾರ, ಅದೂ ಅಟೆಂಡೆನ್ಸ್ ಗೆ.

ನಿಜ ಹೇಳ್ಬೇಕಂದ್ರೆ ನಾನು ಬಯಸಿ ತಗೊಂಡ ಬ್ರಾಂಚ್ ಅಲ್ಲ ಇದು. ಪೀಡಿಯಾಟ್ರಿಕ್ಸ್ ಬೇಕಿತ್ತು. ಜನವರಿ 7ಕ್ಕೆ ನೀಟ್ ಪಿಜಿ ಆಯ್ತು, ರ‍್ಯಾಂಕ್ ನೋಡಿದ ಮೇಲೆ ಪೀಡಿಯಾಟ್ರಿಕ್ಸ್ ಕೈಗೆ ಸಿಗಲ್ಲ ಅಂತ ಗೊತ್ತಾಯ್ತು, ಇನ್ನೊಂದು ವರ್ಷ ರೂಮಲ್ಲಿ ಕೂತು ಎಂಸಿಕ್ಯೂ ಒತ್ತೋ ತಾಳ್ಮೆ ಇರಲಿಲ್ಲ, ಕೆಇಎ ಆಪ್ಷನ್ ಎಂಟ್ರಿಲಿ ರೇಡಿಯೋಥೆರಪಿನ ಎಲ್ಲೋ ಕೆಳಗೆ ಹಾಕಿದ್ದೆ, ಅದೇ ಬಂತು. ನಮ್ಮ ಬ್ಯಾಚಲ್ಲಿ ಇದನ್ನೇ ಮೊದಲನೇ ಆಪ್ಷನ್ ಆಗಿ ಹಾಕಿದ್ದೋನು ಒಬ್ಬನೇ, ಅವನ ತಾಯಿಗೆ ಬ್ರೆಸ್ಟ್ ಕ್ಯಾನ್ಸರ್ ಆಗಿತ್ತಂತೆ. ಉಳಿದೋರೆಲ್ಲಾ ನನ್ನ ಥರ ರ‍್ಯಾಂಕ್ ಕರ್ಕೊಂಡು ಬಂದು ಬಿಟ್ಟೋರೇ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಈ ಬ್ರಾಂಚ್ ಬಗ್ಗೆ ಬರೆಯೋರೆಲ್ಲ ಸೇವೆ, ಕನಸು ಅಂತೆಲ್ಲಾ ಶುರು ಮಾಡ್ತಾರೆ, ನಮ್ಮದು ಹಂಗಿರಲಿಲ್ಲ.

ಸೇರಿದ್ದು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆ, ಹೆಸರು ಬೇಡ. ರೇಡಿಯೇಶನ್ ಕೊಡೋಕೆ ಒಂದು ಕೋಬಾಲ್ಟ್ ಮಷೀನ್, ಎರಡು ಲಿನಾಕ್ (ಕರೆಂಟಿಂದ ಕಿರಣ ಹುಟ್ಟಿಸೋ ಮಷೀನ್), ಒಂದು ಬ್ರೇಕಿ ರೂಮ್ (ಮೈಯೊಳಗಿಂದಲೇ ರೇಡಿಯೇಶನ್ ಕೊಡೋ ಜಾಗ). ಕೋಬಾಲ್ಟ್ ಮಷೀನ್ ನಮ್ಮ ಬಾರ್ಕ್ (ಭಾಭಾ ಅಣು ಸಂಶೋಧನಾ ಕೇಂದ್ರ) ನೋರೇ ಡಿಸೈನ್ ಮಾಡಿದ ಭಾಭಾಟ್ರಾನ್. ಮೊದಲನೇ ದಿನ ಸೀನಿಯರ್ ಕೊಟ್ಟಿದ್ದು ಸ್ಟೆತಸ್ಕೋಪ್ ಅಲ್ಲ, ಕ್ಯಾಲ್ಕುಲೇಟರ್. ಡಾಕ್ಟ್ರಾಗಿ ಇಷ್ಟು ವರ್ಷ ಆದ್ಮೇಲೆ ಮತ್ತೆ ಪಿಯುಸಿ ಫಿಸಿಕ್ಸ್ ಗೆ ವಾಪಸ್! ಇನ್ವರ್ಸ್ ಸ್ಕ್ವೇರ್ ಲಾ, ಹಾಫ್ ಲೈಫ್, ಡೆಪ್ತ್ ಡೋಸ್. ಮೊದಲ ಆರು ತಿಂಗಳು ನಮಗೆ ನಿಜವಾದ ಮೇಷ್ಟ್ರು ಅಂದ್ರೆ ಪ್ರೊಫೆಸರ್ ಗಳಲ್ಲ, ಫಿಸಿಸಿಸ್ಟ್ ಸರ್. ಜನಕ್ಕೆ ಇದು ಗೊತ್ತಿರಲ್ಲ, ರೇಡಿಯೇಶನ್ ಕೊಡೋ ಕಡೆ ಡಾಕ್ಟ್ರು ಒಬ್ಬರೇ ಇರಲ್ಲ, ಎಲ್ಲಿಗೆ ಎಷ್ಟು ಕೊಡ್ಬೇಕು ಅಂತ ನಾವು ಹೇಳ್ತೀವಿ, ಅದು ಹೆಂಗೆ ಅಲ್ಲಿಗೇ ತಲುಪುತ್ತೆ ಅನ್ನೋದನ್ನ ಫಿಸಿಸಿಸ್ಟ್ ಪ್ಲಾನ್ ಮಾಡ್ತಾರೆ, ದಿನಾ ಪೇಷಂಟ್ ನ ಮಲಗಿಸಿ ಕೊಡೋರು ಟೆಕ್ನಾಲಜಿಸ್ಟ್.

ಮಷೀನ್ ಒಳಗೆ ರೇಡಿಯೇಶನ್ ಬಿಡೋ ಕೋಬಾಲ್ಟ್ 60 ಸೋರ್ಸ್ ಸುಮ್ನೆ ಕೂತಲ್ಲೇ ಸವೀತಾ ಇರುತ್ತೆ, 5.27 ವರ್ಷಕ್ಕೆ ಅರ್ಧ, ತಿಂಗಳಿಗೆ ಹೆಚ್ಚುಕಮ್ಮಿ ಶೇ. 1. ಹಾಗಾಗಿ ಅದೇ ಡೋಸ್ ಕೊಡೋಕೆ ಪ್ರತಿ ತಿಂಗಳು ಟೈಮ್ ಸ್ವಲ್ಪ ಜಾಸ್ತಿ ಮಾಡ್ಬೇಕು. ನಾನು ಒಂದ್ಸಲ ಹಳೇ ತಿಂಗಳ ಚಾರ್ಟ್ ಇಟ್ಕೊಂಡು ಟೈಮ್ ಲೆಕ್ಕ ಹಾಕ್ಬಿಟ್ಟೆ. ಟ್ರೀಟ್ಮೆಂಟ್ ಗೆ ಹೋಗೋ ಮೊದಲೇ ಸರ್ ಹಿಡಿದ್ರು, ಒಂದು ಮಾತೂ ಬೈಲಿಲ್ಲ, ಆ ದಿನದ ಹನ್ನೆರಡು ಪೇಷಂಟ್ ಗಳ ಕಾರ್ಡ್ ತಂದು ಮುಂದಿಟ್ಟು ಎಲ್ಲಾ ಕೈಯಲ್ಲಿ ಮಾಡಮ್ಮ ಅಂತ ಹೇಳಿ ಊಟಕ್ಕೆ ಹೋದ್ರು. ಅದಕ್ಕಿಂತ ಬೈದಿದ್ರೇ ಚೆನ್ನಾಗಿತ್ತು.

ಹಬ್ಬದ ಕಥೆ ಒಂದಿದೆ. 2019ರ ಯುಗಾದಿ. ಆಗ ಕೋಬಾಲ್ಟ್ ಪೇಷಂಟ್ ಗಳಿಗೆ ಚರ್ಮದ ಮೇಲೆ ಇಂಕಲ್ಲಿ ಗೆರೆ ಹಾಕ್ತಿದ್ವಿ, ಆ ಗೆರೆ ನೋಡ್ಕೊಂಡೇ ದಿನಾ ಮಷೀನ್ ಹೊಂದಿಸೋದು, ಅಳಿಸಬಾರದು, ಸೋಪ್ ಹಚ್ಚಬಾರದು ಅಂತ ಹೇಳಿ ಕಳಿಸ್ತಿದ್ವಿ. ನಾನು ಎಲ್ಲಾ ಹೇಳಿದ್ದೆ, ಎಣ್ಣೆ ಸ್ನಾನ ಮಾಡ್ಬೇಡಿ ಅಂತ ಮಾತ್ರ ಹೇಳಿರಲಿಲ್ಲ! ಹಬ್ಬ ಮುಗಿಸಿ ಸೋಮವಾರ ಬಂದ್ರು ನೋಡಿ, ಐದಾರು ಜನ ಫಳಫಳ ಹೊಳೀತಾ, ಮೈಮೇಲೆ ಒಂದು ಗೆರೆ ಇಲ್ಲ. ಒಬ್ಬರು ಅಜ್ಜಿ ಅಂತೂ "ಸೋಪ್ ಹಾಕ್ಲಿಲ್ಲ ಕಣಮ್ಮ, ಸೀಗೆಪುಡಿ ಹಾಕ್ದೆ" ಅಂದ್ರು. ಎಲ್ಲರಿಗೂ ಮತ್ತೆ ಸಿಮ್ಯುಲೇಟರ್ (ಎಲ್ಲಿಗೆ ಕೊಡ್ಬೇಕು ಅಂತ ನೋಡಿ ಗುರುತು ಹಾಕೋ ಮಷೀನ್), ಮತ್ತೆ ಮಾರ್ಕಿಂಗ್, ರಾತ್ರಿ ಒಂಬತ್ತು. ಎಚ್ಓಡಿ ಕೈಲಿ ನಾನು ತಿಂದಿದ್ದು ಬೇರೆ.

ಲಿನಾಕ್ ಪೋಸ್ಟಿಂಗ್ ಶುರುವಾದ ಮೇಲೆ ಮಾಸ್ಕ್. ಬಾಯಿ, ಗಂಟಲು ಕ್ಯಾನ್ಸರ್ ನೋರಿಗೆ ಮುಖ ಅಲ್ಲಾಡಬಾರದು ಅಂತ ಪ್ಲಾಸ್ಟಿಕ್ ಶೀಟ್ ನ ಬಿಸಿನೀರಲ್ಲಿ ಹಾಕಿ ಮೆತ್ತಗಾದ್ಮೇಲೆ ಎತ್ತಿ, ಒರೆಸಿ, ಮುಖದ ಮೇಲೆ ಎಳೆದು ಕೂರಿಸ್ತಾರೆ, ಕೆಲವು ನಿಮಿಷದಲ್ಲಿ ಅದು ಗಟ್ಟಿ. ತೂತು ತೂತು ಇರುತ್ತೆ, ಉಸಿರಾಡಬಹುದು, ಆದ್ರೂ ಹೊಸಬರು ಹೆದರ್ತಾರೆ. ಒಬ್ಬ ಆಟೋ ಡ್ರೈವರ್ ಅಣ್ಣ ಮಾಸ್ಕ್ ಕಿತ್ತು ಎದ್ದು ಕೂತು "ಇದ್ರೊಳಗೆ ಸಾಯೋದಕ್ಕಿಂತ ಹೊರಗೇ ಸಾಯ್ತೀನಿ ಮೇಡಂ" ಅಂದಿದ್ದ. ಆಮೇಲೆ ನಾನೇ ಒಂದು ದಿನ ಮಲಗಿ ನನ್ನ ಮುಖಕ್ಕೆ ಹಾಕಿಸ್ಕೊಂಡೆ. ಬೆಚ್ಚಗಿನ ಒದ್ದೆ ಟವೆಲ್ ಹಾಕ್ದಂಗೆ ಅನ್ಸುತ್ತೆ, ಅಲ್ಲೀವರೆಗೂ ಸುಖ, ಗಟ್ಟಿಯಾಗೋಕೆ ಶುರುವಾದ್ಮೇಲೆ ಗಲ್ಲ ಅಲ್ಲಾಡ್ಸೋಕಾಗಲ್ಲ, ಉಗುಳು ನುಂಗೋಕೆ ಹೋದ್ರೆ ಗಂಟಲು ಮಾಸ್ಕಿಗೆ ತಾಗುತ್ತೆ, ಮೂಗು ಕೆರೆಯೋ ಆಸೆ ಅದೆಲ್ಲಿಂದ ಬರುತ್ತೋ. ನಾನು ತಡ್ಕೊಂಡಿದ್ದು ನಾಲ್ಕು ನಿಮಿಷ. ಆ ಅಣ್ಣ 33 ದಿನ ತಡ್ಕೊಂಡ, ಕೊನೇ ದಿನ ಮಾಸ್ಕ್ ಮನೆಗೆ ತಗೊಂಡೋದ, ಆಟೋಗೆ ದೃಷ್ಟಿಗೊಂಬೆ ಥರ ಕಟ್ತೀನಿ ಅಂತ.

ಈ 33 ದಿನದ ಲೆಕ್ಕಾನೇ ನಮ್ಮ ಬ್ರಾಂಚಿನ ಜೀವಾಳ. ದಿನಕ್ಕೆ 2 ಗ್ರೇ (ಗ್ರೇ ಅಂದ್ರೆ ರೇಡಿಯೇಶನ್ ಡೋಸಿನ ಅಳತೆ), ವಾರಕ್ಕೆ ಐದು ದಿನ, 66 ಅಥವಾ 70 ಗ್ರೇ, ಅಂದ್ರೆ ಆರೂವರೆ ಏಳು ವಾರ. ಜೊತೆಗೆ ವಾರಕ್ಕೊಂದು ಸಿಸ್ಪ್ಲಾಟಿನ್ ಅನ್ನೋ ಕೀಮೋ, ಅದನ್ನೂ ಎಷ್ಟೋ ಕಡೆ ನಾವೇ ಹಾಕೋದು, ನಮ್ಮ ದೇಶದಲ್ಲಿ ರೇಡಿಯೇಶನ್ ನೋರಿಗೆ ಕೀಮೋನೂ ಕಲೀಲೇಬೇಕು. ಒಬ್ಬ ಸರ್ಜನ್ ಪೇಷಂಟ್ ನ ಆಪರೇಷನ್ ದಿನ ನೋಡ್ತಾರೆ, ಸ್ಟಿಚ್ ತೆಗೆಯೋ ದಿನ ನೋಡ್ತಾರೆ, ನಾವು ವಾರ ವಾರ ರಿವ್ಯೂ ಮಾಡ್ತಾ ಅವರ ಬಾಯಿ ಹುಣ್ಣಾಗೋದು, ಕತ್ತು ಕಪ್ಪಾಗೋದು, ತೂಕ ಇಳಿಯೋದು, ಗಂಡ ಹೆಂಡತಿ ಜಗಳ, ಎಲ್ಲಾ ನೋಡ್ತೀವಿ. ಮೂರನೇ ವಾರಕ್ಕೆ ಅನ್ನ ಬಿಟ್ಟು ಗಂಜಿ, ಐದನೇ ವಾರಕ್ಕೆ ಗಂಜಿನೂ ಟ್ಯೂಬಲ್ಲಿ. ಆ ಟೈಮಲ್ಲೇ ಓಡಿ ಹೋಗೋದು ಜನ. "ನೀವ್ ಕೊಟ್ಟಿದ್ದ್ರಿಂದಾನೇ ಜಾಸ್ತಿ ಆಯ್ತು" ಅಂತಾರೆ, ಅವರ ತಪ್ಪೇನಿಲ್ಲ, ನಡ್ಕೊಂಡು ಬಂದೋರು ಮಾತಾಡೋಕಾಗ್ದಂಗೆ ಆಗಿರ್ತಾರೆ. ಆದ್ರೆ ಮಧ್ಯದಲ್ಲಿ ಬಿಟ್ರೆ ಗಡ್ಡೆ ಸುಮ್ನಿರಲ್ಲ, ಉಳಿದಿರೋ ಸೆಲ್ ಗಳು ಮೊದಲಿಗಿಂತ ಜೋರಾಗಿ ಬೆಳೆಯೋಕೆ ಶುರು ಮಾಡ್ತವೆ. ಹೆಡ್ ಅಂಡ್ ನೆಕ್ ನಲ್ಲಿ ಟ್ರೀಟ್ಮೆಂಟ್ ಒಂದು ದಿನ ಎಳೆದ್ರೆ ಗಡ್ಡೆ ಕಂಟ್ರೋಲ್ ಆಗೋ ಸಾಧ್ಯತೆ ಸುಮಾರು ಶೇ. 1ರಷ್ಟು ಕಮ್ಮಿ ಆಗುತ್ತೆ ಅಂತ ಹಳೇ ಸ್ಟಡಿಗಳೇ ಹೇಳಿವೆ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಆದ್ರೆ ಬ್ರೇಕಿ ಸೇರಿ ಎಲ್ಲಾ ಎಂಟು ವಾರದೊಳಗೆ ಮುಗೀಬೇಕು. ಹಾಗಾಗಿ ನಮ್ಮ ಪಿಜಿ ಡ್ಯೂಟಿಲಿ ಅರ್ಧ ಭಾಗ ಫೋನ್. ಯಾಕೆ ಬರ್ಲಿಲ್ಲ, ಎಲ್ಲಿದೀರಾ, ದುಡ್ಡಿಲ್ವಾ, ರೈಲ್ವೆ ಕನ್ಸೆಷನ್ ಫಾರ್ಮ್ ಗೆ ಸೈನ್ ಹಾಕ್ಕೊಡ್ತೀನಿ ಬನ್ನಿ. ನಾನು ಥೀಸಿಸ್ ಗೂ ಅದನ್ನೇ ತಗೊಂಡೆ, ಯಾರು ಎಷ್ಟು ದಿನ ತಪ್ಪಿಸ್ತಾರೆ, ಯಾಕೆ ತಪ್ಪಿಸ್ತಾರೆ ಅಂತ. ಗೈಡ್ "ಇದ್ರಲ್ಲಿ ಹೊಸದೇನಿದೆ" ಅಂದ್ರು, ಆದ್ರೂ ಸೈನ್ ಹಾಕಿದ್ರು.

ಸೆಕೆಂಡ್ ಇಯರ್ ಪೂರ್ತಿ ಕಾಂಟೂರಿಂಗ್. ಸಿಟಿ ಸ್ಲೈಸ್ ಮೇಲೆ ಮೌಸಲ್ಲಿ ಗೆರೆ ಎಳೆಯೋದು, 3 ಮಿಲಿಮೀಟರಿಗೊಂದು ಸ್ಲೈಸ್, ಇದು ಗಡ್ಡೆ, ಇದು ಗಡ್ಡೆ ಹರಡಿರಬಹುದಾದ ಜಾಗ, ಇದು ಸ್ಪೈನಲ್ ಕಾರ್ಡ್, ಇಲ್ಲಿಗೆ 45 ಗ್ರೇ ದಾಟಬಾರದು, ಇದು ಪರೋಟಿಡ್ ಅನ್ನೋ ಉಗುಳಿನ ಗ್ರಂಥಿ, ಇದು ಹೋದ್ರೆ ಉಗುಳೇ ಇಲ್ಲ. ಒಂದು ಕೇಸಿಗೆ ಮೂರು ನಾಲ್ಕು ಗಂಟೆ. ರಾತ್ರಿ ಪೂರ್ತಿ ಬರೆದಿದ್ದನ್ನ ಬೆಳಿಗ್ಗೆ ಮೇಡಂ ಬಂದು ಹತ್ತು ನಿಮಿಷದಲ್ಲಿ ಅಳಿಸ್ತಿದ್ರು. "ನೀನು ಗಾಳಿಗೆಲ್ಲಾ ಟ್ರೀಟ್ಮೆಂಟ್ ಕೊಡ್ತಿದ್ಯಲ್ಲಮ್ಮ" ಅಂತ, ನನ್ನ ಗೆರೆ ಶ್ವಾಸನಾಳದ ಒಳಗೆ ಹೋಗಿತ್ತು.

ಬ್ರೇಕಿ ಬಗ್ಗೆ ಎರಡು ಮಾತು. ಬೆನ್ನಿಗೆ ಅನಸ್ತೇಶಿಯಾ ಕೊಟ್ಟು, ಗರ್ಭಕೋಶದೊಳಗೆ ಲೋಹದ ಟ್ಯೂಬ್ ಗಳನ್ನ ಕೂರಿಸಿ, ಅಲ್ಲಾಡದಂಗೆ ಸುತ್ತ ಗಾಜ್ ತುಂಬಿ, ಸಿಟಿ ಮಾಡಿ, ಪ್ಲಾನ್ ಆಗೋವರೆಗೂ ಆಯಮ್ಮ ಹಾಗೇ ಕಾಲು ಚಾಚ್ಕೊಂಡು ಮಲಗಿರಬೇಕು. ಆಮೇಲೆ ಒಬ್ಬರನ್ನೇ ರೂಮಲ್ಲಿ ಬಿಟ್ಟು ನಾವು ಬಾಗಿಲು ಹಾಕ್ಕೊಂಡು ಹೊರಗೆ ಬರ್ತೀವಿ, ತಂತಿ ತುದಿಲಿರೋ ಇರಿಡಿಯಂ ಒಳಗೆ ಹೋಗಿ ಒಂದೊಂದು ಜಾಗದಲ್ಲಿ ಕೆಲವು ಸೆಕೆಂಡ್ ನಿಂತು ವಾಪಸ್ ಬರುತ್ತೆ. ಅದೂ ಸವೀತಾ ಇರುತ್ತೆ, 74 ದಿನಕ್ಕೆ ಅರ್ಧ, ಸೋರ್ಸ್ ಹೊಸದಿದ್ದಾಗ ಐದಾರು ನಿಮಿಷ, ಹಳೇದಾದಾಗ ಹತ್ತು ಹದಿನೈದು. ಇಂಟರ್ಕಾಮ್ ನಲ್ಲಿ ನಾನು ಸುಮ್ನೆ ಏನಾದ್ರೂ ಮಾತಾಡ್ತಿದ್ದೆ. ಎಷ್ಟು ಮಕ್ಕಳು, ಏನ್ ಬೆಳೆ. ಎಷ್ಟೋ ಜನ ಹೆಂಗಸರು ಆ ರೂಮಲ್ಲಿ ಮಲಗಿ ನನ್ನತ್ರ ಹೇಳಿರೋದನ್ನ ಮನೇಲಿ ಯಾರ ಹತ್ರನೂ ಹೇಳಿರಲ್ಲ. ಬಿಳಿಸೆರಗು ಹೋಗ್ತಿತ್ತು, ಎರಡು ವರ್ಷ ಹೇಳ್ಲಿಲ್ಲ, ನಾಚ್ಕೆ ಆಯ್ತು, ಅನ್ನೋದು ದಿನಾ ಕೇಳೋ ಮಾತು.

ಇದೇ ಟೈಮಲ್ಲಿ ಮನೇಲಿ ಗಂಡು ನೋಡೋ ಸಂಭ್ರಮ. ಅರಸೀಕೆರೆ ಕಡೆಯಿಂದ ಬಂದಿದ್ದೋರು ಕಾಫಿ ಕುಡಿದು "ರೇಡಿಯೇಶನ್ ಅಂದ್ರೆ ಮುಂದೆ ಮಕ್ಕಳು ಮರಿಗೆ ಏನೂ ತೊಂದ್ರೆ ಇಲ್ವಲ್ಲ?" ಅಂತ ನೇರ ಅಮ್ಮನ್ನ ಕೇಳಿದ್ರು. ನಾವು ಎದೆಗೆ ಟಿಎಲ್ಡಿ ಬ್ಯಾಡ್ಜ್ ಹಾಕ್ಕೋತೀವಿ, ಮೂರು ತಿಂಗಳಿಗೊಂದ್ಸಲ ಅದನ್ನ ಕಳಿಸಿ ಎಷ್ಟು ಡೋಸ್ ಬಿದ್ದಿದೆ ಅಂತ ರಿಪೋರ್ಟ್ ಬರುತ್ತೆ, ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ ದಾಟಬಾರದು ಅಂತ ಅಣುಶಕ್ತಿ ನಿಯಂತ್ರಣ ಮಂಡಳಿ, ಅಂದ್ರೆ ಎಇಆರ್‌ಬಿ ರೂಲ್ಸು, ನನ್ನದು ಯಾವಾಗ್ಲೂ ಸೊನ್ನೆ. ಅಮ್ಮ ಆ ರಿಪೋರ್ಟಿನ ಜೆರಾಕ್ಸ್ ಮಾಡ್ಸಿ ಜಾತಕದ ಜೊತೆ ಇಟ್ಟಿದ್ರು. ಸುಳ್ಳಲ್ಲ, ಆ ಪ್ಲಾಸ್ಟಿಕ್ ಕವರ್ ಈಗ್ಲೂ ಇದೆ. ಆ ಸಂಬಂಧ ಆಗ್ಲಿಲ್ಲ ಬಿಡಿ, ಆಗಿದ್ದು ಒಬ್ಬ ಮೂಳೆ ಡಾಕ್ಟ್ರ ಜೊತೆ, ಆಪರೇಷನ್ ಟೈಮಲ್ಲಿ ಸಿಆರ್ಮ್ ಎಕ್ಸರೇ ಮಷೀನ್ ಮುಂದೆ ನಿಲ್ಲೋ ಅವರಿಗೇ ನನಗಿಂತ ಜಾಸ್ತಿ ರೇಡಿಯೇಶನ್ ಬೀಳುತ್ತೆ.

ಆಮೇಲೆ 2020. ಯಲಬುರ್ಗಾ ಕಡೆಯ ಒಬ್ಬ ಅಜ್ಜ ಇದ್ರು, ಗಂಟಲು ಕ್ಯಾನ್ಸರ್, 33ರಲ್ಲಿ 22 ಆಗಿತ್ತು. ದಿನಾ ಬಾಗಿಲಲ್ಲಿ ನನ್ನ ನೋಡಿ "ಡಾಕ್ಟರವ್ವಾ, ಇನ್ನ ಎಷ್ಟ ಉಳದಾವ್ರಿ?" ಅಂತ ಕೇಳೋರು, ಅವರಿಗೆ ಗೊತ್ತಿಲ್ಲ ಅಂತಲ್ಲ, ಧರ್ಮಶಾಲೆ ಗೋಡೆ ಮೇಲೆ ಇದ್ದಲಲ್ಲಿ ಗೀಟು ಹಾಕಿ ಎಣಿಸ್ತಿದ್ರು. ಮಾರ್ಚ್ 20, ಶುಕ್ರವಾರ, ಯುಗಾದಿಗೆ ಊರಿಗೆ ಹೋಗ್ತೀನಿ ಅಂದ್ರು. ನಾನು ಬೇಡ ಅಂದೆ. "ಹಬ್ಬ ಮಾಡಿ ಗುರುವಾರಕ್ಕ ಇಲ್ಲಿರ್ತೀನ್ರಿ" ಅಂದ್ರು. ಎರಡು ಮೂರು ದಿನ ತಾನೇ, ಪಾಪ ಅಂತ ನಾನೂ ಸುಮ್ನಾದೆ. 25ನೇ ತಾರೀಕು ಯುಗಾದಿ, ಅವತ್ತೇ ಲಾಕ್ ಡೌನ್. ಫೋನ್ ಮಾಡಿದ್ರೆ ಮಗ ಎತ್ತಿ "ಬಸ್ಸಿಲ್ರಿ, ಊರಿಗೆ ಮುಳ್ಳ ಹಚ್ಯಾರ, ಹ್ಯಾಂಗ ಬರೋದ್ರಿ" ಅಂದ. ಪಾಸ್ ಗೆ ಲೆಟರ್ ಬೇಕಂದ್ರು, ವಾಟ್ಸಾಪಲ್ಲಿ ಕಳಿಸಿದೆ, ಸೀಲ್ ಕಾಣಲ್ಲ ಅಂದ್ರು, ಮತ್ತೆ ಕಳಿಸಿದೆ. ಕೊನೆಗೆ ಅವರು ಬಂದಿದ್ದು ಮೂರು ವಾರ ಆದ್ಮೇಲೆ, ಬಾಡಿಗೆ ಟಾಟಾ ಏಸ್ ಹಿಂದೆ ಹಾಸಿಗೆ ಹಾಕ್ಕೊಂಡು. ಫಿಸಿಸಿಸ್ಟ್ ಸರ್ ಕೂತು ಗ್ಯಾಪ್ ಲೆಕ್ಕ ಹಾಕಿದ್ರು, ಕೆಲವು ದಿನ ಬೆಳಿಗ್ಗೆ ಒಂದು, ಆರು ಗಂಟೆ ಬಿಟ್ಟು ಸಂಜೆ ಒಂದು, ಮೇಲೆ ಒಂದಷ್ಟು ಜಾಸ್ತಿ, ಹಿಂಗೆಲ್ಲಾ ಮಾಡಿ ಮುಗಿಸಿದ್ವಿ. ಎಂಟು ತಿಂಗಳಿಗೆ ಕತ್ತಲ್ಲಿ ಗಂಟು ಬಂತು. ಅದು ಗ್ಯಾಪಿಂದಾನೇ ಬಂತು ಅಂತ ಯಾರೂ ಹೇಳೋಕಾಗಲ್ಲ, ಪೂರ್ತಿ ತಗೊಂಡೋರಿಗೂ ಬರುತ್ತೆ. ನನ್ನ ಎಕ್ಸೆಲ್ ಶೀಟಲ್ಲಿ ಅವರು ಒಂದು ರೋ, ಗ್ಯಾಪ್ ಕಾಲಮಲ್ಲಿ ಎಲ್ಲರಿಗಿಂತ ದೊಡ್ಡ ನಂಬರ್. ಗೈಡ್ ಔಟ್ಲೈಯರ್ (ಉಳಿದೋರ ಲೆಕ್ಕಕ್ಕೆ ಹೊಂದದ ನಂಬರ್) ಅಂತ ತೆಗೆದುಬಿಡು ಅಂದ್ರು, ನಾನು ತೆಗೀಲಿಲ್ಲ.

ಅದೇ ಏಪ್ರಿಲಲ್ಲಿ ಬ್ರಿಟನ್ನಿನ ಫಾಸ್ಟ್ ಫಾರ್ವರ್ಡ್ ಟ್ರಯಲಿನ ಐದು ವರ್ಷದ ರಿಸಲ್ಟ್ ಬಂತು, ಆಪರೇಷನ್ ಆದ ಬ್ರೆಸ್ಟ್ ಕ್ಯಾನ್ಸರಿಗೆ 15 ದಿನ 40 ಗ್ರೇ ಬದಲು 5 ದಿನದಲ್ಲಿ 26 ಗ್ರೇ ಕೊಟ್ರೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತೆ ಅಂತ. ಬೇರೆ ಟೈಮಲ್ಲಾಗಿದ್ರೆ ನಮ್ಮೋರು ಇನ್ನೂ ನಾಲ್ಕು ವರ್ಷ ಚರ್ಚೆ ಮಾಡ್ತಿದ್ರು, ಬಸ್ಸಿಲ್ಲದ ಕಾಲ ನೋಡಿ, ಆಯ್ದ ಪೇಷಂಟ್ ಗಳಿಗೆ ಬೇಗ ಶುರು ಮಾಡಿದ್ರು.

ಎಕ್ಸಾಮ್ 2021ರಲ್ಲಿ, ಎರಡನೇ ಅಲೆಗೆ ಮುಂದಕ್ಕೆ ಹೋಯ್ತು, ನಾವು ಪಿಪಿಇ ಹಾಕ್ಕೊಂಡು ಕೋವಿಡ್ ವಾರ್ಡಲ್ಲಿದ್ವಿ, ಓದಿದ್ದೆಲ್ಲಾ ಮರೆತಿತ್ತು. ನಾಲ್ಕು ಥಿಯರಿ ಪೇಪರ್ ಹೆಂಗೋ ಆಯ್ತು. ಪ್ರಾಕ್ಟಿಕಲ್ ನಲ್ಲಿ ಲಾಂಗ್ ಕೇಸ್ ಗರ್ಭಕೋಶದ ಬಾಯಿ ಕ್ಯಾನ್ಸರೇ ಬಂತು. ಸ್ಟೇಜ್ ಹೇಳ್ದೆ, ಎಕ್ಸ್‌ಟರ್ನಲ್ ತಲೆ ಎತ್ತದೇ "ಯಾವ ಫಿಗೋ?" ಅಂದ್ರು. ಫಿಗೋ ಅಂದ್ರೆ ಈ ಕ್ಯಾನ್ಸರಿನ ಸ್ಟೇಜ್ ಹೇಳೋ ಪದ್ಧತಿ, ಅದರ 2018ರ ಹೊಸ ಸ್ಟೇಜಿಂಗಲ್ಲಿ ಗ್ರಂಥಿಗೆ ಹರಡಿದ್ರೆ 3ಸಿ ಆಗುತ್ತೆ, ನಾನು ಸಿಟಿಲಿ ಗ್ರಂಥಿ ಇದೆ ಅಂತ ಓದಿ ಹಳೇ ಲೆಕ್ಕದಲ್ಲಿ 2ಬಿ ಅಂದಿದ್ದೆ. ನಾಲಿಗೆ ಒಣಗಿತು. ಫಿಸಿಕ್ಸ್ ಟೇಬಲ್ ಉಳಿಸ್ತು, ಕೋಬಾಲ್ಟ್ ಟೈಮ್ ಲೆಕ್ಕ ಕೊಟ್ರು, ಆ ಹನ್ನೆರಡು ಕಾರ್ಡಿನ ಪುಣ್ಯ, ನಿದ್ದೆಗಣ್ಣಲ್ಲೂ ಮಾಡ್ತೀನಿ.

ಪಾಸ್ ಆದ್ಮೇಲೆ ಸರ್ಕಾರದ ಒಂದು ವರ್ಷದ ಕಡ್ಡಾಯ ಸೇವೆ. ನನ್ನ ಹಾಕಿದ ಆಸ್ಪತ್ರೆಲಿ ರೇಡಿಯೇಶನ್ ಮಷೀನೇ ಇರಲಿಲ್ಲ! ಒಂದು ವರ್ಷ ಜ್ವರ ಕೆಮ್ಮು ನೋಡಿದೆ, ವ್ಯಾಕ್ಸಿನ್ ಕ್ಯಾಂಪ್ ಮಾಡ್ದೆ. ಇದರ ಬಗ್ಗೆ ನನಗೆ ಈಗ್ಲೂ ಸಿಟ್ಟಿದೆ, ಮಷೀನ್ ಇರೋ ಕಡೆ ಡಾಕ್ಟ್ರು ಸಾಲ್ದೆ ಪೇಷಂಟ್ ಗಳು ಕಾಯ್ತಿರ್ತಾರೆ, ಇಲ್ಲಿ ಮೂರು ವರ್ಷ ಕಲಿತೋಳು ಪ್ಯಾರಾಸಿಟಮಾಲ್ ಬರೀತಾ ಕೂತಿದ್ಳು.

ನಮ್ಮ ಬ್ರಾಂಚಿನ ಕೆರಿಯರ್ ಸಮಸ್ಯೆನೂ ಇದೇ ಅನ್ನಿ, ಮಷೀನ್ ಎಲ್ಲೋ ನಾವು ಅಲ್ಲೇ. ಸ್ಕಿನ್ ಡಾಕ್ಟ್ರ ಥರ ಊರಲ್ಲಿ ಒಂದು ಬೋರ್ಡ್ ಹಾಕೋಕಾಗಲ್ಲ. ಲಿನಾಕ್ ಗೆ ಕೋಟಿ ಕೋಟಿ, ಕಿರಣ ನೇರ ಬೀಳೋ ಕಡೆ ಗೋಡೆ ಎರಡು ಮೀಟರಿಗಿಂತ ದಪ್ಪ ಕಾಂಕ್ರೀಟ್, ಅದರ ನಕ್ಷೆಗೂ ಎಇಆರ್‌ಬಿ ಒಪ್ಪಿಗೆ. ಅಪ್ಪಾಜಿಯ ಸ್ಕ್ಯಾನಿಂಗ್ ಸೆಂಟರ್ ಕನಸು ಅಲ್ಲಿಗೆ ಮುಗೀತು. ಬ್ಯಾಚ್ ಮೇಟ್ಸ್ ಚೆದುರಿದ್ರು. ಒಬ್ಬಳು ಡಿಎಂ ಮೆಡಿಕಲ್ ಆಂಕಾಲಜಿಗೆ (ಕೀಮೋ ಕಡೆಯ ಸೂಪರ್ ಸ್ಪೆಷಾಲಿಟಿ) ಹೋದ್ಳು, ನಮ್ಮ ಎಂಡಿ ಮಾಡಿದೋರೂ ಅದಕ್ಕೆ ಬರೀಬಹುದು. ಒಬ್ಬ ಎಫ್ಆರ್‌ಸಿಆರ್ ಅನ್ನೋ ಬ್ರಿಟನ್ ಪರೀಕ್ಷೆ ಬರೆದು ಇಂಗ್ಲೆಂಡಲ್ಲಿದಾನೆ, ಅಲ್ಲಿ ಇದನ್ನ ಕ್ಲಿನಿಕಲ್ ಆಂಕಾಲಜಿ ಅಂತಾರೆ. ತಾಯಿಗಾಗಿ ಈ ಬ್ರಾಂಚ್ ತಗೊಂಡಿದ್ದೋನು ಪ್ಯಾಲಿಯೇಟಿವ್ ಕಡೆ, ಅಂದ್ರೆ ವಾಸಿಯಾಗದೋರ ನೋವು ಕಮ್ಮಿ ಮಾಡೋ ಕೆಲಸಕ್ಕೆ ಹೋದ. ನಾನು ಬೆಂಗಳೂರಲ್ಲಿ ಒಂದು ದೊಡ್ಡ ಪ್ರೈವೇಟ್ ಆಸ್ಪತ್ರೆಲಿ ಜೂನಿಯರ್ ಕನ್ಸಲ್ಟೆಂಟ್ ಆಗಿ ಒಂದೂವರೆ ವರ್ಷ ಇದ್ದೆ. ಸಂಬಳ ಚೆನ್ನಾಗಿತ್ತು, ಆದ್ರೆ ಬೆಳಿಗ್ಗೆಯಿಂದ ರಾತ್ರಿವರೆಗೂ ಕಂಪ್ಯೂಟರ್ ಮುಂದೆ ಕಾಂಟೂರ್, ಪೇಷಂಟ್ ಮುಖ ಮಾಸ್ಕಲ್ಲಷ್ಟೇ ನೋಡೋದು, ತಿಂಗಳ ಕೊನೆಗೆ ಎಷ್ಟು ಕೇಸ್ ಅಂತ ಮೀಟಿಂಗ್. ಬಿಟ್ಟು ಬಂದೆ.

ಈಗ ಮಧ್ಯ ಕರ್ನಾಟಕದ ಒಂದು ಊರಲ್ಲಿದೀನಿ, ಒಂದೇ ಲಿನಾಕ್, ನಾನು ಮತ್ತೆ ಇನ್ನೊಬ್ರು ಸರ್, ಹೆಚ್ಚಿನೋರು ಬಿಪಿಎಲ್ ಕಾರ್ಡ್ ನೋರು, ಆಯುಷ್ಮಾನ್ ಸ್ಕೀಮಲ್ಲಿ ಬರ್ತಾರೆ. ಮಷೀನ್ ಕೆಟ್ರೆ ಎಂಜಿನಿಯರ್ ಬರೋಕೆ ಒಂದು ದಿನ, ಪಾರ್ಟ್ ಬೇಕಂದ್ರೆ ಇನ್ನೂ ಜಾಸ್ತಿ, ಆಗ ಶನಿವಾರ ಭಾನುವಾರ ನಡೆಸಿ ಸರಿ ಮಾಡ್ಕೋತೀವಿ. ಹಬ್ಬಕ್ಕೆ ರಜ ಕೇಳೋ ಪೇಷಂಟ್ ಗಳ ಹತ್ರ ನಾನು ಸ್ವಲ್ಪ ಜಾಸ್ತಿನೇ ಕಠಿಣ ಅಂತ ಸಿಸ್ಟರ್ ಗಳು ಆಡ್ಕೋತಾರೆ, ಆಡ್ಕೊಳ್ಳಲಿ.

ಹೋದ ಯುಗಾದಿ ದಿನಾನೂ ಮಷೀನ್ ನಡೆಸಿದ್ವಿ. ಟೆಕ್ನಾಲಜಿಸ್ಟ್ ಮನೆಯಿಂದ ಬೇವು ಬೆಲ್ಲ ತಂದಿದ್ರು, ಬಾಯಿ ಕ್ಯಾನ್ಸರಿನ ಒಬ್ಬರು ಒಂದು ಚಿಟಿಕೆ ನಾಲಿಗೆ ಮೇಲಿಟ್ಕೊಂಡು "ಮೇಡಂ ಇದ್ರಲ್ಲಿ ಬೇವು ಯಾವ್ದು ಬೆಲ್ಲ ಯಾವ್ದು" ಅಂದ್ರು, ನಾಲ್ಕನೇ ವಾರ, ರುಚಿ ಪೂರ್ತಿ ಹೋಗಿತ್ತು. 41 ಜನರಲ್ಲಿ 38 ಜನ ಬಂದಿದ್ರು. ಉಳಿದ ಮೂವರಿಗೆ ಮಧ್ಯಾಹ್ನ ಕೂತು ಫೋನ್ ಮಾಡ್ದೆ. ಇಬ್ಬರು ನಾಳೆ ಬರ್ತೀವಿ ಅಂದ್ರು. ಒಬ್ಬರದು ರಿಂಗ್ ಆಗ್ತಾನೇ ಇತ್ತು.